ಛಲೋ ಆತು

ಟಕ್, ಟಕ್, ಟಕ್ — ತಾರವ್ವನ ಹೆಬ್ಬೆರಳು ಗುಂಡಿ ಒತ್ತುತ್ತಲೇ ಇದೆ, ಬೆಳಕು ಬಿದ್ದರೂ ಒತ್ತುತ್ತದೆ, ಬೀಳದಿದ್ದರೂ ಒತ್ತುತ್ತದೆ, ಇದು ಕಣ್ಣು ನಡೆಸುವ ಕೈಯಲ್ಲ, ಮಗ್ಗದ ತಾಳ, ಬನಹಟ್ಟಿಯ ಯಾವ ಓಣಿ ಹೊಕ್ಕರೂ ಎರಡೂ ಕಡೆಯ ಗೋಡೆಗಳೊಳಗಿಂದ ಕೇಳುವ ತಾಳ, ಲಾಳಿ ಆ ಕಡೆ, ಲಾಳಿ ಈ ಕಡೆ, ಅದರಲ್ಲೇ ಹುಟ್ಟಿ ಅದರಲ್ಲೇ ಮುದುಕಿಯಾದವಳ ಕೈಗೆ ಸುಮ್ಮನಿರುವುದೇ ಮರೆತುಹೋಗಿದೆ, ಸುವರ್ಣಾ ನೋಟದ ಹರವು ಅಳೆಯುವ ಮಷೀನು ತಡೆದಳು, ಕಣ್ಣಾಸ್ಪತ್ರೆಯ ಕತ್ತಲೆ ಕೋಣೆ, ಬಿಳಿ ಬಟ್ಟಲಿನ ಮಂದ ಬೆಳಕು ತಾರವ್ವನ ಮುಖದ ಸುಕ್ಕುಗಳ ಮೇಲೆ ಹಾಗೇ ನಿಂತಿದೆ, ಗದ್ದ ಆಧಾರದ ಮೇಲೆ, ಹಣೆ ಪಟ್ಟಿಗೆ ತಾಗಿ, ಒಂದು ಕಣ್ಣಿಗೆ ಮುಚ್ಚಳ, ಕೈಯಲ್ಲಿ ವೈರಿನ ತುದಿಯ ಗುಂಡಿ, ಯವ್ವಾ ಇದು ಮಗ್ಗ ಅಲ್ಲ, ಬೆಳಕಿನ ಚುಕ್ಕಿ ಕಂಡರಷ್ಟ ಒತ್ತಬೇಕು ಎಂದಳು ಸುವರ್ಣಾ, ಗೊತ್ತೈತೆವ್ವ, ಗೊತ್ತಿದ್ದೂ ಕೈ ತಾನ ನಡೀತೈತಿ, ಕಾಣಲಿಲ್ಲಂದ್ರ ಏನ ಮಾಡ್ಲಿ ಎಂದಳು ತಾರವ್ವ, ಕಾಣಲಿಲ್ಲಂದ್ರ ಸುಮ್ಮಕಿರು, ಸುಮ್ಮಕಿದ್ರ ಕೆಲಸಗಳ್ಳಿ ಆದಂಗ ಅನಸತೈತಿ ನನಗ — ಸುವರ್ಣಾಳಿಗೆ ನಗು ಬಂತು, ಬಂದದ್ದು ತುಟಿಯಲ್ಲೇ ನಿಂತಿತು, ಏಕೆಂದರೆ ಆಗಲೇ ಬಾಗಿಲ ಕರಿಪರದೆ ಸ್ವಲ್ಪ ಸರಿದು ಆಯಾ ಮರೆವ್ವನ ಧ್ವನಿ ಒಳಗೆ ಬಂತು, ಆ ಡ್ರೈವರ್ ಶಿವಪುತ್ರಣ್ಣ ಹ್ವಾದನವ್ವ, ಎಲ್ಲಿಗಿ, ಡ್ಯೂಟಿಗಿ, ಡಾಕ್ಟರ್ ಬಾಯಾರನ್ನ ಕಂಡ ಹೋಗಪಾ ಅಂದ್ರ ಬ್ಯಾಡಬೇ, ನಮ್ಮ ಸುವರ್ಣಾ ಹೇಳ್ಯಾಳ, ಕಣ್ಣು ಛಲೋ ಅದಾವಂತ, ಅಂತಂದು ಬೆಂಚಿನ ಮ್ಯಾಲಿನ ಮಂದಿಗೆಲ್ಲಾ ಹೇಳಿ ಹ್ವಾದ — ಪರದೆ ಮುಚ್ಚಿಕೊಂಡಿತು, ಮರೆವ್ವನ ಚಪ್ಪಲಿಯ ಸದ್ದು ವರಾಂಡದುದ್ದಕ್ಕೂ ಹೋಗುತ್ತಿದೆ, ತಾನು ಎಲ್ಲಿ ಹೇಳಿದೆ, ಏನು ಹೇಳಿದೆ, ಯಾವಾಗ ಹೇಳಿದೆ, ಮುಂದ ನಡಸಲೇನವ್ವ ಎಂದು ತಾರವ್ವ ಬಟ್ಟಲಿನೊಳಗೆ ಮುಖ ಇಟ್ಟುಕೊಂಡೇ ಕೇಳುತ್ತಾಳೆ, ನಡಸು, ಹಳದಿ ದೀಪಾನ ನೋಡಕೋತ ಕುಂದ್ರು, ಮಷೀನು ಮತ್ತೆ ಗುಂಯ್ ಎಂದಿತು.

ಅಂದದ್ದು ಇಷ್ಟೇ, ಆತು, ಛಲೋ ಆತು, ಪ್ರತಿಯೊಬ್ಬರಿಗೂ ಅನ್ನುವುದೇ ಅದು, ಗದ್ದ ಎತ್ತಿಸಿ, ಮುಚ್ಚಳ ಬಿಚ್ಚಿ, ಬೆನ್ನಿಗೆ ಕೈಕೊಟ್ಟು ಎಬ್ಬಿಸುವಾಗ ಬಾಯಿಂದ ತಾನಾಗಿ ಬರುವ ಮಾತು, ಅಲುಗಾಡದೆ ಕೂತಿರಿ, ಕಣ್ಣು ಅತ್ತಿತ್ತ ಓಡಿಸಲಿಲ್ಲ, ಪರೀಕ್ಷೆ ಸರಿಯಾಗಿ ಮುಗಿಯಿತು, ಏಳಿ, ಅಷ್ಟೇ ಅದರ ಅರ್ಥ, ಕೂಸಿಗೆ ಎರೆದು ಮೈ ಒರೆಸುವಾಗ ತಾಯಿ ಅನ್ನುವ ಮಾತಿನಷ್ಟೇ ಅರ್ಥ, ಆದರೆ ಜ್ವರ ಬಿಟ್ಟವನಿಗೂ ಛಲೋ ಆತು ಅನ್ನುತ್ತೇವೆ, ಮುರಿದ ಕೈ ಕೂಡಿದವನಿಗೂ ಛಲೋ ಆತು ಅನ್ನುತ್ತೇವೆ, ಆತು ಎಂದರೆ ಮುಗಿಯಿತು, ಆತು ಎಂದರೆ ಗುಣವಾಯಿತು, ಒಂದೇ ಮಾತು, ಶಿವಪುತ್ರಣ್ಣ ತನಗೆ ಬೇಕಾದ ಅರ್ಥವನ್ನು ಎತ್ತಿಕೊಂಡು ಹೋಗಿದ್ದಾನೆ, ಕುರ್ಚಿಯಿಂದ ಎದ್ದವನ ಮುಖ ಈಗ ನೆನಪಾಗುತ್ತಿದೆ, ಹಣೆಗೆ ಹಚ್ಚಿದ ಅರಿಸಿನದ ಭಂಡಾರ ಪಟ್ಟಿಗೆ ತಾಗಿ ಅರ್ಧ ಅಳಿಸಿತ್ತು, ಆತಲ್ಲ, ಛಲೋ ಆತಲ್ಲ ತಂಗಿ, ಎಂದು ಅವನು ಎರಡನೆಯ ಸಲ ಕೇಳಿದ, ಎರಡನೆಯ ಸಲವೂ ತಾನು ಹೂಂ ಅಂದೆ, ಯಾಕೆಂದರೆ ತಾನು ಆಗ ಅವನನ್ನು ನೋಡುತ್ತಿರಲಿಲ್ಲ, ಪ್ರಿಂಟರಿನಿಂದ ಹೊರಗೆ ಬರುತ್ತಿದ್ದ ಹಾಳೆಯನ್ನು ನೋಡುತ್ತಿದ್ದೆ, ಬಾಯಿ ಹೂಂ ಅಂದಿತು, ಕಣ್ಣು ಬೇರೆ ಎಲ್ಲೋ ಇತ್ತು — ಪರೀಕ್ಷೆ ಶುರುವಾಗುವ ಮೊದಲು ಎಷ್ಟು ಮಸ್ಕಿರಿ ಮಾಡಿದ ಅವನು, ಈ ಗುಂಡಿ ಏನ ತಂಗಿ ಹಾರ್ನ್ ಇದ್ದಂಗ ಐತಿ, ಹೌದಣ್ಣ ಹಾರ್ನೇ ಅಂತ ತಿಳಕೋ, ಬೆಳಕು ಅಡ್ಡ ಬಂತಂದ್ರ ಹೊಡಿ, ಬಿಡತೀನೇನ ಮತ್ತ, ನಾ ಹಾರ್ನ್ ಹೊಡದ್ರ ಜಮಖಂಡಿ ಬಜಾರದಾಗಿನ ಎಮ್ಮಿ ಸೈತ ದಾರಿ ಬಿಡತಾವ, ಹಾಗೆ ಅಂದವನು, ಮೊದಲು ಚೆನ್ನಾಗಿಯೇ ಹೊಡೆದ, ಬಲಕ್ಕೆ ಬಿದ್ದ ಚುಕ್ಕಿಗೆ ಹೊಡೆದ, ಮೇಲೆ ಬಿದ್ದದ್ದಕ್ಕೆ ಹೊಡೆದ, ನಡುವಿನದಕ್ಕೆ ಹೊಡೆದ, ಎಡಕ್ಕೆ ಕೆಳಗೆ ಒಂದು ಬಿತ್ತು, ತನ್ನ ಪರದೆಯ ಮೇಲೆ ಅದು ಬಿದ್ದದ್ದು ಕಾಣುತ್ತದೆ, ಬಿತ್ತು, ಹೆಬ್ಬೆರಳು ಅಲುಗಲಿಲ್ಲ, ಮಷೀನು ಇನ್ನಷ್ಟು ಜೋರು ಬೆಳಕು ಅಲ್ಲೇ ಬಿಟ್ಟಿತು, ಹೆಬ್ಬೆರಳು ಅಲುಗಲಿಲ್ಲ, ಅದರ ಪಕ್ಕದಲ್ಲಿ ಒಂದು, ಅಲುಗಲಿಲ್ಲ, ನಿದ್ದೆ ಬಂತೇನಣ್ಣ ಎಂದು ಕೇಳಿದಳು, ಇಲ್ಲ, ಎಚ್ಚರ ಅದೇನಿ, ಯಾಕ, ಏನೂ ಬರವಲ್ದಲ್ಲ ಎಂದ, ಎಲ್ಲ ಬಂದಿತ್ತು, ಬಂದು ಬಂದು ಹೋಗುತ್ತಿತ್ತು, ಬೆಳಕಿನ ಕೆಳಗೆ ಆ ದಪ್ಪ ಹೆಬ್ಬೆರಳು ಗುಂಡಿಯ ಮೇಲೆ ಆರಾಮಾಗಿ ಮಲಗಿತ್ತು, ಅವನಿಗೆ ಬೇಸರವಿಲ್ಲ, ಹೆದರಿಕೆಯಿಲ್ಲ, ಖಾಲಿ ರಸ್ತೆಯಲ್ಲಿ ಗಾಡಿ ಹೊಡೆಯುವವನ ಹಾಗೆ ಕೂತಿದ್ದ.

ಮಷೀನು ನಿಂದು, ಮಾತು ನಂದು, ಎಂದಿದ್ದರು ಪ್ರತಿಮಾ ಬಾಯಾರು ತನ್ನನ್ನು ಈ ಕೋಣೆಗೆ ಹಾಕಿದ ದಿನ, ಬೈದು ಹೇಳಲಿಲ್ಲ, ಚಹಾ ಕುಡಿಯುತ್ತಾ ಹೇಳಿದರು, ಕೂಡ್ರಿಸುವುದು ನಿನ್ನ ಕೆಲಸ, ಬೆಳಕು ಬಿಡುವುದು ನಿನ್ನ ಕೆಲಸ, ಕಾಗದ ತೆಗೆದು ನನ್ನ ಟೇಬಲ್ ಮೇಲೆ ಇಡುವುದು ನಿನ್ನ ಕೆಲಸ, ಪರೀಕ್ಷೆ ಸರಿ ಬರದಿದ್ದರೆ ಮತ್ತೆ ಮಾಡುವುದೂ ನಿನ್ನ ಕೆಲಸ, ಅದಕ್ಕೆ ನನ್ನನ್ನು ಕೇಳಬೇಡ, ಆದರೆ ಆ ಕಾಗದ ಏನು ಹೇಳುತ್ತದೆ ಅನ್ನುವುದನ್ನು ನಾನು ಹೇಳಬೇಕು, ನೀ ಅಳಬ್ಯಾಡ, ನಗಬ್ಯಾಡ, ಹುಬ್ಬು ಸೈತ ಹಾರಸಬ್ಯಾಡ, ಮಂದಿ ನಿನ್ನ ಮುಖಾನ ಓದತಾರ — ಅದು ಯಾರಿಂದ ಬಂದ ನೇಮ ಎಂದು ಆಸ್ಪತ್ರೆಗೆಲ್ಲ ಗೊತ್ತು, ತನಗಿಂತ ಮೊದಲು ಈ ಕುರ್ಚಿಯಲ್ಲಿ ಕೂರುತ್ತಿದ್ದ ಬಾಳೇಶನಿಂದ ಬಂದದ್ದು, ಬಾಳೇಶ ಕೆಟ್ಟವನಲ್ಲ, ಮಾತುಗಾರ, ಹಾಳೆ ಬಂದ ಕೂಡಲೆ ಕುಂಡಲಿ ಓದುವವನ ಹಾಗೆ ಓದಿಬಿಡುತ್ತಿದ್ದ, ಬಾಯಾರ ಮುಂದೆ ಸಾಲು ಹಚ್ಚಿ ನಿಲ್ಲುವ ತ್ರಾಸು ಮಂದಿಗೆ ತಪ್ಪಲಿ ಎಂದೇ ಓದುತ್ತಿದ್ದ, ಒಮ್ಮೆ ಇದೇ ತಾರವ್ವ ಬಂದಿದ್ದಳು, ಇದೇ ಹಾಗೆ ಮಗ್ಗ ಹೊಡೆದಳು, ಕಂಡದ್ದಕ್ಕೂ ಟಕ್, ಕಾಣದ್ದಕ್ಕೂ ಟಕ್, ಎಲ್ಲ ಕಡೆ ಕಂಡಿದೆ ಎಂದು ಮಷೀನು ತಿಳಿದು ಬೆಳ್ಳಗಿನ ಹಾಳೆ ಕೊಟ್ಟಿತು, ಈ ಮುದುಕಿ ಸುಮ್ಮನೆ ಒತ್ತುತ್ತಿದ್ದಾಳೆ ಎಂದೂ ಮೂಲೆಯಲ್ಲಿ ಸಣ್ಣಗೆ ಬರೆದಿತ್ತು, ಬಾಳೇಶ ಬಿಳುಪನ್ನಷ್ಟೇ ನೋಡಿದ, ಹಾಲಿನಂಗ ಐತಿ ಬೇ, ಮನಿಗೆ ಹೋಗು ಅಂದ, ಅವಳು ಹೋದಳು, ಹರಿದ ನೂಲಿನ ತುದಿ ಕಾಣದಾದಾಗ ತಿರುಗಿ ಬಂದಳು, ಅಷ್ಟರಲ್ಲಿ ಹೋಗಬಾರದ್ದೆಲ್ಲ ಹೋಗಿತ್ತು, ಉಳಿದಿರುವುದನ್ನು ಕಾಯುವುದಕ್ಕೆ ಈಗ ಹನಿ ಹಾಕಿಕೊಳ್ಳುತ್ತಾಳೆ, ಆಗಾಗ ಬಂದು ಗದ್ದ ಇಡುತ್ತಾಳೆ, ಬಾಳೇಶ ಮುಧೋಳಕ್ಕೆ ಹೋಗಿ ಕನ್ನಡಕದ ಅಂಗಡಿ ಇಟ್ಟ, ಅಲ್ಲಿ ಅವನ ಮಾತು ನಡೆಯುತ್ತದೆ, ಅವನ ಸುದ್ದಿ ಬಂದರೆ ತಾರವ್ವ, ಪಾಪ, ಹುಡುಗ ಬಾಯಿತುಂಬ ಮಾತಾಡತಿತ್ತು ಅನ್ನುತ್ತಾಳೆ — ಇನ್ನೊಂದು ಸಲ ಉಲ್ಟಾ ಆಯಿತು, ರಬಕವಿಯ ಒಬ್ಬ ಹಿರಿಯರ ಹಾಳೆ ಮೇಲ್ಗಡೆ, ಏನೂ ಕಾಣದವರದ್ದು ಬರುವಂತೆ, ಇದ್ದಲಿನ ಹಾಗೆ ಕರ್ರಗೆ ಬಂತು, ಹತ್ತಿರ ಹೋಗಿ ನೋಡಿದರೆ ಅವರ ಕಣ್ಣಿನ ರೆಪ್ಪೆ ಜೋತುಬಿದ್ದಿತ್ತು ಅಷ್ಟೇ, ಪಟ್ಟಿ ಹಚ್ಚಿ ರೆಪ್ಪೆ ಎತ್ತಿ ಮತ್ತೆ ಮಾಡಿದರೆ ಕರಿಯೆಲ್ಲ ಕರಗಿತು, ಅಂದು ಬಾಯಿ ಬಿಟ್ಟಿದ್ದರೆ ಅವರು ಏನು ಮಾಡಿಕೊಳ್ಳುತ್ತಿದ್ದರೋ, ಆದ್ದರಿಂದ ನೇಮ ಸುಳ್ಳಲ್ಲ, ನೇಮ ಗೋಡೆಯಂತೆ ಗಟ್ಟಿ ಇದೆ, ಆದರೆ ಶಿವಪುತ್ರಣ್ಣನ ರೆಪ್ಪೆ ಜೋತಿರಲಿಲ್ಲ, ಅವನು ನಿದ್ದೆ ಮಾಡಿರಲಿಲ್ಲ, ಕಣ್ಣು ಹಳದಿ ದೀಪ ಬಿಟ್ಟು ಕದಲಿರಲಿಲ್ಲ, ತನಗೆ ಗೊತ್ತಾಗದ್ದು ಬೇರೆಯೇ ಒಂದಿದೆ, ಬೇರೆಯವರ ಹಾಳೆಗಳಲ್ಲಿ ಈ ಕಣ್ಣಿನ ಕಪ್ಪು ಒಂದು ತರಹ, ಆ ಕಣ್ಣಿನದು ಇನ್ನೊಂದು ತರಹ, ಇವನದು ಎರಡೂ ಹಾಳೆಯಲ್ಲಿ ಒಂದೇ ಮೂಲೆ, ಎಡಕ್ಕೆ ಕೆಳಗೆ, ಒಂದೇ ಅಚ್ಚಿನಲ್ಲಿ ಒತ್ತಿದ ಹಾಗೆ, ಇದು ಕಣ್ಣಿನದೋ, ಕಣ್ಣಿನ ಹಿಂದಿನದೋ, ತಲೆಯದೋ, ತಾನೇನು ಬಲ್ಲೆ, ಅದಕ್ಕೇ ಮಾತು ಬಾಯಾರದು.

ಟಕ್ — ಈಗ ತಾರವ್ವ ಸರಿಯಾಗಿ ಒತ್ತಿದಳು, ಬೆಳಕು ಬಿದ್ದ ಮೇಲೆ, ಒಂದು ಸಲ, ಹಿಂಗ ಯವ್ವಾ, ಹಿಂಗ ಒತ್ತು, ಹೊರಗೆ ಯಾವುದೋ ಬಸ್ಸು ಹಾರ್ನ್ ಹೊಡೆಯಿತು, ನಿಲ್ದಾಣ ರಸ್ತೆಯಾಚೆ ಇದೆ, ಎಲ್ಲ ಸದ್ದೂ ಕೇಳುತ್ತದೆ, ಅದು ಶಿವಪುತ್ರಣ್ಣನದಲ್ಲ, ಅವನದು ಮಧ್ಯಾಹ್ನದ ಗಾಡಿ, ಬೀಳಗಿ ದಾರಿಯಾಗಿ ಬಾಗಲಕೋಟೆ, ಅಲ್ಲಿಂದ ತಿರುಗಿ ಬಂದು ಸಂಜೆ ಮತ್ತೆ ಇಲ್ಲಿಂದಲೇ ಬೀಳಗಿಗೆ, ಸಂಜೆಯ ಅದೇ ಗಾಡಿಯಲ್ಲಿ ತಾನು ಊರಿಗೆ ಹೋಗುವುದು, ಊರು ಎಂದರೆ ಹೊಸ ಊರು, ಹಳೆಯದು ಅಣೆಕಟ್ಟಿನ ಹಿನ್ನೀರಿನ ಕೆಳಗೆ, ಅದು ಮುಳುಗಿದ್ದನ್ನು ಯಾರೂ ನೋಡಲಿಲ್ಲ, ನೀರು ಅಬ್ಬರಿಸಿ ಬರುತ್ತದೆ ಎಂದು ಕಾಯುತ್ತಿದ್ದರು, ಅದು ಅಂಚಿನಿಂದ ಬಂತು, ಒಂದು ದಿನ ಹೊಳೆದಂಡೆಯ ಬದನೆ ತೋಟ ಇರಲಿಲ್ಲ, ಇನ್ನೊಂದು ದಿನ ಕಣ ಇರಲಿಲ್ಲ, ನಡು ಊರಿನಲ್ಲಿ ಕಟ್ಟೆಯ ಮೇಲೆ ಕೂತವರು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಇನ್ನೂ ಬಂದಿಲ್ಲ ಬಿಡ್ರಿ ಅನ್ನುತ್ತಿದ್ದರು, ಖರೆ, ಅವರು ಕೂತಲ್ಲಿಗೆ ಬಂದಿರಲಿಲ್ಲ — ಹೊಸ ಊರಿಗೆ ನಿಲುಗಡೆ ಇಲ್ಲ, ಕೈ ಮಾಡಿದರೆ ನಿಲ್ಲಿಸುವವನು ಶಿವಪುತ್ರಣ್ಣ ಒಬ್ಬನೇ, ಬೆಳಿಗ್ಗೆ ಅವನೇ ಬೀಳಗಿಯಿಂದ ಈ ಕಡೆ ತರುವ ಗಾಡಿಗೆ ರಸ್ತೆಯ ಎಡಬದಿಗೆ ನಿಂತು ಕೈ ಬೀಸುತ್ತಾಳೆ, ಮೊದಲೆಲ್ಲ ಮೆಟ್ಟಿಲು ಸರಿಯಾಗಿ ಕಾಲಿನ ಮುಂದೆ ಬಂದು ನಿಲ್ಲುತ್ತಿತ್ತು, ಇತ್ತೀಚೆಗೆ ದಾಟಿಸಿಕೊಂಡು ಹೋಗಿ ಮುಂದೆ ನಿಲ್ಲಿಸುತ್ತಾನೆ, ಯಾರೋ ಒಳಗಿನವರು ಕೂಗಿದ ಮೇಲೆ, ತಾನು ಸೀರೆ ಹಿಡಿದುಕೊಂಡು ಓಡಿ ಹತ್ತುತ್ತಾಳೆ, ಏನಣ್ಣ ದಿನಾ ಓಡಸತಿ, ಮೈ ಕರಗಲಿ ಅಂತ ತಂಗಿ, ಎಲ್ಲರೂ ನಗುತ್ತಾರೆ, ತಾನೂ ನಕ್ಕಳು, ಎಷ್ಟು ದಿನ ನಕ್ಕಳು, ಮಸ್ಕಿರಿ ಅಂತಲೇ ತಿಳಿದಿದ್ದಳು, ಅವನು ಓಡಿಸುತ್ತಿರಲಿಲ್ಲ, ಎಡಕ್ಕೆ ನಿಂತ ತಾನು ಅವನ ಪಾಲಿಗೆ ಅಲ್ಲಿ ಇರಲೇ ಇಲ್ಲ — ಅವನ ಹೆಂಡತಿ ಮಾಯವ್ವ ಹಬ್ಬದ ಸಂತೆಗೆ ಹೋಗುವಾಗ ಪಕ್ಕದ ಸೀಟಿನಲ್ಲಿ ಕೂತು ಹೇಳಿದ್ದಳು, ಶೇಂಗಾಹಿಂಡಿ ತಾಟಿನ ಎಡಕ್ಕ ಬಡಿಸಿದ್ರ ನೀಡಿಲ್ಲಂತ ಜಗಳಾ ತಗೀತಾರವ್ವ, ಇಲ್ಲೇ ಐತಲ್ರಿ ಅಂತ ತೋರಿಸಿದ್ರ ಈಗ ನೀಡಿದಿ ಅಂತಾರ, ವಯಸ್ಸಾಗೋಕಿಂತ ಮೊದಲ ಅರಳು ಮರಳು, ಅದಕ್ಕೂ ಇಬ್ಬರೂ ನಕ್ಕಿದ್ದರು, ಆಮೇಲೆ ಎಡಗಡೆ ಕನ್ನಡಿ ಹುಣಸೆ ಕೊಂಬೆಗೆ ಬಡಿದು ಒಡೆಯಿತು, ಡಿಪೋದಲ್ಲಿ ಬೈದರು, ತಾನೇ ಬೆನ್ನು ಹತ್ತಿದಳು, ಒಮ್ಮೆ ಬಂದು ತೋರಿಸಿಕೊಂಡು ಹೋಗಣ್ಣ, ಸುಮ್ಮಕಿರ ತಂಗಿ, ಕಣ್ಣಾಗ ಏನರ ಅದ ಅಂದ್ರ ಸ್ಟೇರಿಂಗ್ ಬಿಡಿಸಿ ಗಾಡಿ ತೊಳ್ಯಾಕ ಹಾಕತಾರ, ನಮ್ಮಪ್ಪ ಅಮಸಿದ್ದಪ್ಪ ಸಾಯೋತನಕ ಕುರಿ ಹಿಂದ ನಡದ, ನಮ್ಮ ಮನಿತನದಾಗ ಕುಂತು ದುಡಿಯೋನು ನಾನ ಮೊದಲನೇದಾವ, ನಮ್ಮ ದೇವರು ಬೀರಪ್ಪ ಕೊಟ್ಟ ಕುರ್ಚಿ ಇದು, ಹಾಗೆ ಅಂದವನು ಕೊನೆಗೆ ಬಂದ, ತನ್ನ ಮೇಲಿನ ನಂಬಿಕೆಗೆ ಬಂದ, ನೀ ಅಷ್ಟ ನೋಡು, ನೀ ಛಲೋ ಅಂದ್ರ ಛಲೋ, ಬರುವಾಗಲೇ ಆ ಮಾತನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದ.

ತಾರವ್ವನ ಬಲಗಣ್ಣು ಮುಗಿಯಿತು, ಮಷೀನು ತಾನೇ ಕಿಣಿ ಅಂದಿತು, ಬಾಯಿಗೆ ಬಂದ ಆ ಮಾತನ್ನು ಸುವರ್ಣಾ ನುಂಗಿಕೊಂಡಳು, ಒಂದು ಕಣ್ಣಿನ ಪರೀಕ್ಷಾ ಮುಗೀತು ಯವ್ವಾ, ಎಂದಳು, ಇಷ್ಟು ಉದ್ದ ಹೇಳಬೇಕೇನು ಅದನ್ನು, ಇನ್ನು ಮುಂದೆ ಇಷ್ಟು ಉದ್ದವೇ ಹೇಳಬೇಕು, ತುಸು ಸುಧಾರಿಸಿಕೋ, ಆಮೇಲೆ ಇನ್ನೊಂದು ಕಣ್ಣು, ಬಾಗಿಲಿಗೆ ಬಂದು ಮರೆವ್ವನನ್ನು ಕರೆದು, ಡ್ರೈವರನ ಹಾಳೆಯ ಸುದ್ದಿ ಹೇಳಿ, ಆಪರೇಷನ್ ಕೋಣೆಯ ಸಣ್ಣ ಕಿಟಕಿಗೆ ಕಳಿಸಿದಳು, ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿದೆ, ಇವತ್ತು ಪೊರೆ ತೆಗೆಯುವ ದಿನ, ಬಾಯಾರ ಕೈ ಯಾರದೋ ಕಣ್ಣಿನೊಳಗಿದೆ, ಅವರನ್ನು ಈಗ ಎಳೆದು ತರಲು ಆಗದು, ಎಳೆಯಬಾರದು ಕೂಡ, ಮರೆವ್ವ ಬಂದಳು, ಬಾಯಾರು ಕೇಳಿದ್ರವ್ವ, ಎರಡೂ ಕಣ್ಣಿಂದೂ ಒಂದ ಬಾಜೂ ಹೋಗೈತೇನು ಅಂತ, ಹೌದು ಅನ್ನು ಎಂದಳು ಸುವರ್ಣಾ, ಮರೆವ್ವ ಹೋದಳು, ಬಂದಳು, ಆ ಮನಶಾನ ಗಾಡಿ ಹೊಡ್ಯಾಕ ಬಿಡಬ್ಯಾಡ್ರಿ, ಕೂಡ್ರಸ್ರಿ, ಈ ಕಣ್ಣು ಮುಗಿಸಿ ನಾನ ಬರತೀನಿ ಅಂದ್ರು, ಕೂಡ್ರಿಸಬೇಕಾದವನು ಹೋಗಿಯಾಗಿದೆ, ಮರೆವ್ವ, ನೀ ಹೋಗಿ ಕರಕೊಂಡ ಬಾ, ನನ್ನ ಮಾತು ಎಲ್ಲಿ ಕೇಳತಾನವ್ವ, ಕಣ್ಣಿನ ದವಾಖಾನಿ ಕಸಾ ಹೊಡೆಯೋಕಿ ಬಂದಾಳ ಅಂತಾನ, ನಿನ್ನ ಮಾತು ಹಿಡಕೊಂಡ ಹೋಗ್ಯಾನ, ನಿನ್ನ ಮಾತೇ ತರಬೇಕು — ಖರೆ, ತನ್ನ ಮಾತು ಹೋಗಿದೆ, ಅದನ್ನು ತಾನೇ ಹೋಗಿ ತರಬೇಕು, ಏನಂತ ತರುವುದು, ಛಲೋ ಇಲ್ಲ ಅನ್ನಲೇ, ಅದು ತನ್ನ ಮಾತಲ್ಲ, ಪರೀಕ್ಷೆ ಕೆಟ್ಟಿತು, ಮತ್ತೊಮ್ಮೆ ಮಾಡಬೇಕು ಅನ್ನಲೇ, ಅಷ್ಟು ಅನ್ನುವ ಹಕ್ಕು ತನಗಿದೆ, ಅದು ಸುಲಭ ಕೂಡ, ಆದರೆ ಪರೀಕ್ಷೆ ಕೆಟ್ಟಿಲ್ಲ, ಈ ವಾರ ಮಾಡಿದ್ದರಲ್ಲೆಲ್ಲ ಅಷ್ಟು ಸ್ವಚ್ಛವಾದದ್ದು ಇನ್ನೊಂದಿಲ್ಲ, ಅದನ್ನು ಕೆಟ್ಟಿತು ಎಂದರೆ ಅವನು ನಾಳೆ ಬರತೀನಿ ಬಿಡು ಅಂತಾನೆ, ನಾಳೆಗೆ ಮೊದಲು ಇವತ್ತಿನ ಗಾಡಿ ಇದೆ, ಗಾಡಿಯ ತುಂಬ ಮಂದಿ ಇದ್ದಾರೆ, ರಸ್ತೆಯ ಎಡಕ್ಕೆ ಕೈ ಬೀಸುತ್ತ ನಿಂತವರಿದ್ದಾರೆ, ಸಾಲಿ ಬಿಟ್ಟ ಮಕ್ಕಳಿದ್ದಾರೆ — ಹೋಗವ್ವ, ನಾ ಇಲ್ಲೇ ತಣ್ಣಗ ಕುಂತಿರತೀನಿ ಎಂದಳು ತಾರವ್ವ ಕತ್ತಲೆಯಿಂದ, ಎಲ್ಲ ಕೇಳಿಸಿಕೊಂಡಿದ್ದಾಳೆ, ಅವತ್ತು ನನ್ನ ಹಿಂದನೂ ಯಾರರ ಓಡಿ ಬಂದಿದ್ರ ಛಲೋ ಆಗತಿತ್ತು, ಅಂದದ್ದು ಅಷ್ಟೇ, ದೂರಿನ ದನಿಯಲ್ಲ, ಹವಾ ಹೇಗಿದೆ ಎಂದು ಹೇಳುವ ದನಿ.

ಬಿಸಿಲು ಕಣ್ಣಿಗೆ ಹೊಡೆಯಿತು, ಕತ್ತಲೆಯಿಂದ ಬಂದವಳಿಗೆ ರಸ್ತೆಯೆಲ್ಲ ಬೆಳ್ಳಗೆ, ಕಬ್ಬಿನ ಟ್ರಾಕ್ಟರು, ಆಟೊ, ಬಾಳೆಹಣ್ಣಿನ ಗಾಡಿ, ಎಲ್ಲದರ ನಡುವೆ ದಾರಿ ಮಾಡಿಕೊಂಡು ನಿಲ್ದಾಣದೊಳಗೆ ಹೋದಳು, ಬೀಳಗಿ ಗಾಡಿ ಹಿಂದಕ್ಕೆ ಸರಿದು ಮೂತಿ ತಿರುಗಿಸಿ ಹೊರಡುವುದಕ್ಕೆ ನಿಂತಿದೆ, ಎಂಜಿನ್ನು ನಡುಗುತ್ತಿದೆ, ಶಿವಪುತ್ರಣ್ಣ ಕೂತಿದ್ದಾನೆ, ಹಣೆಗೆ ಹೊಸದಾಗಿ ಭಂಡಾರ ಹಚ್ಚಿಕೊಂಡಿದ್ದಾನೆ, ಮುಂದಿನ ಗಾಜಿಗೆ ಕಟ್ಟಿದ ಕರಿಕಂಬಳಿಯ ತುಣುಕು ಎಂಜಿನ್ನಿನ ಜೊತೆ ಕುಣಿಯುತ್ತಿದೆ, ಅವಳು ಅವನ ಬಾಗಿಲ ಕೆಳಗಿನ ಕಬ್ಬಿಣದ ಮೆಟ್ಟಿಲು ಹತ್ತಿ ಕಿಟಕಿಯ ಸರಳು ಹಿಡಿದು ನಿಂತಳು, ಅಣ್ಣಾ, ಇಳಿ, ಬಾಯಾರು ಕರ್ಯಾಕತ್ತಾರ, ಅಲ್ಲಿತನಕ ಗಾಡಿ ಹೊಡಿಬ್ಯಾಡ ಅಂದಾರ, ಯಾಕ ತಂಗಿ, ಛಲೋ ಆತಲ್ಲ, ನಾ ಛಲೋ ಅಂದದ್ದು ಪರೀಕ್ಷಾಕ್ಕಣ್ಣ, ನೀ ಕುಂತ ರೀತಿಗಿ, ಕಣ್ಣಿಗಲ್ಲ, ಅವನು ನಕ್ಕ, ನಗು ಮುಖದ ಮೇಲೆ ಉಳಿಯಿತು, ಕಣ್ಣಿನಿಂದ ಹೋಯಿತು, ಹಂಗಾರ ಕಣ್ಣು ಕೆಟ್ಟಾವೇನು, ಅದನೂ ನಾ ಹೇಳಿಲ್ಲ, ಕಂಡಕ್ಟರ್ ಗಿರಿಮಲ್ಲಪ್ಪ ಹಿಂದಿನಿಂದ ಕೂಗಿದ, ಶಿವಪುತ್ರಾ ಹೊತ್ತಾತಲೇ, ನಿನ್ನ ತಂಗಿ ಕೂಡ ಸಂಜಿಕ ಮಾತಾಡಕ್ಯಾ, ಎಂದು ಗಂಟೆ ಎಳೆದ, ಮತ್ತೆ ಎಳೆದ, ಯಾರೋ ಹೆಂಗಸು, ಹ್ವಾದಲ್ಲೆಲ್ಲಾ ಇವನಿಗೆ ತಂಗಿಗೋಳ ಅಂದಳು, ಬಸ್ಸೆಲ್ಲ ನಕ್ಕಿತು, ಶಿವಪುತ್ರಣ್ಣ ನಗಲಿಲ್ಲ, ದನಿ ತಗ್ಗಿಸಿದ, ನೋಡು, ಕೆಟ್ಟಾವ ಅಂದ್ರ ಈಗ ಇಳೀತೀನಿ, ಛಲೋ ಅದಾವ ಅಂದ್ರ ಹೋಗತೀನಿ, ಎರಡರಾಗ ಒಂದು ಅನ್ನು, ನೀನ ನೋಡಿದಿ, ನಿನಗ ಗೊತ್ತೈತಿ, ನನಗ ಕಂಡದ್ದು ಮಷೀನಿಂದಣ್ಣ, ಮಾತು ಬಾಯಾರದು, ಹಂಗಂದ್ರ ನಿನಗ ಗೊತ್ತಿಲ್ಲ, ಗೊತ್ತಿಲ್ಲ ಎಂದಳು, ಗೊತ್ತಿಲ್ಲಂದ್ರ ದಾರಿ ಬಿಡು, ಎಂದು ಗೇರ್ ಹಾಕಿದ, ಎಡಗೈ ಚಕ್ರಕ್ಕೆ ಬಂತು, ಬಲಗೈ ಮೊದಲೇ ಇತ್ತು, ಹೆಬ್ಬೆರಳು ಹಾರ್ನಿನ ಗುಂಡಿಯ ಮೇಲೆ — ಆಗ ಅದು ಬಂತು, ಎಡಗಡೆಯಿಂದ, ಕೆಳಗಿನಿಂದ, ಮುಧೋಳದ ನಾಯಿ, ಬೂದಿ ಬಣ್ಣದ್ದು, ಉದ್ದ ಮೂತಿ, ಹೊಟ್ಟೆ ಬೆನ್ನಿಗೆ ಹತ್ತಿದ್ದು, ಹಗ್ಗ ಹಿಡಿದ ಮನುಷ್ಯ ಹಿಂದೆ, ಮುಧೋಳ ಗಾಡಿಯ ಕಡೆಗೆ ಅಡ್ಡ ಹೋಗುತ್ತಿದ್ದಾರೆ, ಅವಸರವಿಲ್ಲ, ಅದು ಕಾಲೆತ್ತಿ ಇಡುವುದು ಅವಳಿಗೆ ಕಾಣುತ್ತಿದೆ, ಒಂದು ಕಾಲು, ಇನ್ನೊಂದು ಕಾಲು, ಗಾಜಿನ ಎಡಮೂಲೆಯಲ್ಲಿ ಬಿಸಿಲು ಬಿದ್ದು ಅದರ ಮೈ ಹೊಳೆಯುತ್ತಿದೆ, ಬೆಳಕು ಬಿದ್ದಿದೆ, ಹೆಬ್ಬೆರಳು ಅಲುಗಲಿಲ್ಲ, ಇನ್ನಷ್ಟು ಹತ್ತಿರ, ಅಲುಗಲಿಲ್ಲ, ಎಮ್ಮೆಗೆ ಹೊಡೆಯುವವನು, ಗಾಳಿಗೆ ಹಾರಿದ ಹಾಳೆಗೂ ಹೊಡೆಯುವವನು, ಎದುರು ನೋಡುತ್ತ ಖಾಲಿ ರಸ್ತೆಯಲ್ಲಿ ಹೋಗುವವನ ಹಾಗೆ ಕೂತಿದ್ದಾನೆ, ಬಸ್ಸು ಒಂದು ಗೇಣು ಮುಂದೆ ಸರಿಯಿತು, ಗಿರಿಮಲ್ಲಪ್ಪ ತಗಡು ಬಡಿದ, ಹೈ ಹೈ ಹೈ, ಬ್ರೇಕಿಗೆ ಎಲ್ಲರ ಹಣೆ ಎದುರಿನ ಸೀಟಿಗೆ ಬಡಿಯಿತು, ನಾಯಿ ಈಗ ನಡುಗಾಜಿನ ಎದುರಿಗೆ ನಿಂತು ಅವನನ್ನೇ ನೋಡುತ್ತಿದೆ, ಎಲ್ಲಿಂದ ಬಂತಲೇ ಇದು, ಎಂದ ಶಿವಪುತ್ರಣ್ಣ, ನೆಲದಾಗಿಂದ ಎದ್ದಂಗ ಬಂತಲ್ಲ, ಹಗ್ಗದವನು ಸಿಟ್ಟಿನಿಂದ ತಗಡಿಗೆ ಕೈ ಬಡಿದ, ಆಗಿನಿಂದ ಬರಾಕತ್ತೀವಲ್ಲೋ ಡ್ರೈವರಾ, ಕಣ್ಣು ಕಾಣಸಂಗಿಲ್ಲೇನು, ಈ ನಿಲ್ದಾಣದಲ್ಲಿ ದಿನಕ್ಕೆ ನೂರು ಸಲ ಒಬ್ಬರಿಗೊಬ್ಬರು ಅನ್ನುವ ಮಾತು, ಯಾರೂ ಕಿವಿಗೆ ಹಾಕಿಕೊಳ್ಳದ ಮಾತು, ತಾನು ಹೇಳಬಾರದೆಂದು ಬೆಳಗಿನಿಂದ ಹಲ್ಲು ಕಚ್ಚಿ ಹಿಡಿದ ಮಾತು, ಅಲ್ಲಿ ಬಿದ್ದಿತು, ಶಿವಪುತ್ರಣ್ಣ ಅವನ ಕಡೆ ನೋಡಲಿಲ್ಲ, ನಿಧಾನ ತಿರುಗಿ ಅವಳ ಮುಖ ನೋಡಿದ, ಓದುತ್ತಿದ್ದಾನೆ, ಹುಬ್ಬು ಹಾರಿಸಬಾರದು, ಅಳಬಾರದು, ನಗಬಾರದು, ಅವಳು ಮುಖವನ್ನು ಬಿಳಿ ಬಟ್ಟಲಿನ ಹಾಗೆ ಖಾಲಿ ಇಟ್ಟುಕೊಂಡಳು, ಹೇಳಬೇ, ಎಂದ ಅವನು, ದನಿಯಲ್ಲಿ ಡ್ರೈವರ್ ಇರಲಿಲ್ಲ, ನಾ ಏನೂ ಹೇಳಂಗಿಲ್ಲಣ್ಣ, ಎಂದಳು, ನನ್ನ ಸುದ್ದಿ ಹೇಳತೀನಿ, ಅಷ್ಟ ನಂದು, ಬಾಯಾರು ನಿನ್ನ ನೋಡೋತನಕ ನಾ ಈ ಗಾಡಿ ಹತ್ತಂಗಿಲ್ಲ, ಇವತ್ತ ಸಂಜಿಕ ನಾ ಬರಂಗಿಲ್ಲ — ಕಂಬಳಿಯ ತುಣುಕು ಕುಣಿಯುತ್ತಿದೆ, ಅವನ ಎಡಗೈ ಕೆಳಗೆ ಹೋಯಿತು, ಏನನ್ನೋ ಎಳೆದ, ಎಂಜಿನ್ನು ಒಮ್ಮೆ ಕೆಮ್ಮಿ ನಿಂತಿತು, ಕಂಬಳಿಯ ತುಣುಕೂ ನಿಂತಿತು, ಯಾಕೋ, ಏನಾತೋ, ಗಾಡಿ ಕೆಟ್ಟಿತೇನು, ಇಳೀಬೇಕೇನ್ರಿ, ಎಂದು ಹಿಂದಿನಿಂದ ದನಿಗಳು ಏಳುತ್ತಿವೆ, ಗಿರಿಮಲ್ಲಪ್ಪ ಚೀಲ ಸರಿಸಿಕೊಂಡು ಮುಂದೆ ಬರುತ್ತಿದ್ದಾನೆ, ನಾಯಿ ದಾಟಿ ಹೋಯಿತು, ಅದರ ಬಾಲದ ತುದಿಯೂ ಹೋಯಿತು, ಬಾಗಿಲು ತಗಿ ತಂಗಿ, ಇಳೀತೀನಿ, ಎಂದ ಅವನು, ಅವಳು ಕೆಳಗಿಳಿದು ಬಾಗಿಲು ಹಿಡಿಯಬೇಕು, ಅವನ ಎಡಗಡೆಗೆ ನಿಂತು ರಸ್ತೆ ದಾಟಿಸಬೇಕು, ತಾರವ್ವ ಇನ್ನೊಂದು ಕಣ್ಣಿಗೆ ಕಾಯುತ್ತಿದ್ದಾಳೆ, ಎಲ್ಲ ಗೊತ್ತಿದೆ, ಆದರೆ ಕಣ್ಣು ಅವನ ಕೈ ಬಿಟ್ಟು ಕದಲುತ್ತಿಲ್ಲ, ಎಂಜಿನ್ನು ನಿಂತಿದೆ, ಎದುರಿಗೆ ಏನೂ ಇಲ್ಲ, ಹಾರ್ನಿನ ಮೇಲೆ ಆ ಹೆಬ್ಬೆರಳು, ಭಂಡಾರದ ಹಳದಿ ಹತ್ತಿದ ಉಗುರು, ಆರಾಮಾಗಿ ಮಲಗಿದೆ, ಅಲುಗಿಲ್ಲ, ಬೆಳಕು ಬಿದ್ದಿತ್ತು, ಅಲುಗಲಿಲ್ಲ, ಹೆಬ್ಬೆರಳು —